ಗಾಡಿಯೊಳಗಿನ ಸಪ್ಪಳ ಇಳಿಸುವುದು ಹೇಗೆ?

ನಮ್ಮ ಶಿರೂರಿನ ಕಡೆ ಈಗ ಚಕ್ಕಡಿ ಕಡಿಮೆಯಾಗಿ ನಾಲ್ಕು ಗಾಲಿಯ ಗಾಡಿಗಳು ಹೆಚ್ಚಾಗಿವೆ. ಹೊಸವೇನಲ್ಲ, ಬಹಳಷ್ಟು ಸೆಕೆಂಡ್ ಹ್ಯಾಂಡ್. ಹಳೇ ಓಮ್ನಿ, ಬೊಲೆರೊ, ಟಾಟಾ ಏಸ್, ಯಾರೋ ಬೆಂಗಳೂರಿನವರು ಮಾರಿದ ಸಣ್ಣ ಕಾರು. ಬಾಗಲಕೋಟೆ ಮಾರ್ಕೆಟ್ಟಿಗೆ ಕಡಲೆ ಒಯ್ಯಲು, ಅಮೀನಗಡದ ಕುರಿ ಸಂತೆಗೆ, ದವಾಖಾನೆಗೆ, ಲಗ್ನಕ್ಕೆ ಎಲ್ಲಕ್ಕೂ ಅದೇ ಗಾಡಿ. ಒಳಗೆ ಕೂತವರದು ಒಂದೇ ತಕರಾರು: ಸಪ್ಪಳ. ಹಿಂದಿನವರು ಮಾತಾಡಿದ್ದು ಮುಂದಿನವರಿಗೆ ಕೇಳುವುದಿಲ್ಲ. ಟೇಪು ಹಚ್ಚಿದರೆ ಹಾಡಿನ ಮಾತು ತಿಳಿಯುವುದಿಲ್ಲ, ಬರೀ ಗುಂಯ್ ಅನ್ನುತ್ತದೆ.

ಇದಕ್ಕೆ ಎಲ್ಲರೂ ಮಾಡುವ ಮದ್ದು ಎರಡು. ಒಂದು, ಟೇಪಿನ ದನಿ ಏರಿಸುವುದು. ಇನ್ನೊಂದು, ಅಂಗಡಿಯವರು ಹೇಳಿದ ಹಾಳೆಯನ್ನು ಗಾಡಿ ತುಂಬ ಅಂಟಿಸುವುದು. ಮೊದಲನೆಯದರಿಂದ ಕಿವಿ ಹೋಗುತ್ತದೆ, ಎರಡನೆಯದರಿಂದ ರೊಕ್ಕ ಹೋಗುತ್ತದೆ. ಸಪ್ಪಳ ಎಲ್ಲಿಂದ, ಯಾವ ದಾರಿಯಿಂದ ಬರುತ್ತದೆ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಖರ್ಚಿಲ್ಲದೇ ಆಗುತ್ತದೆ. ಉಳಿದ ಅರ್ಧಕ್ಕೆ ಎಲ್ಲಿ ಎಷ್ಟು ಹಾಕಬೇಕು ಅನ್ನುವುದೂ ಗೊತ್ತಾಗುತ್ತದೆ.

ಕಿವಿಯ ಲೆಕ್ಕ

ಸಪ್ಪಳ ಅಳೆಯುವ ಮಾಪಿಗೆ ಡೆಸಿಬಲ್ ಅಂತಾರೆ. ಇದು ಕಿಲೋ, ಲೀಟರಿನ ಹಾಗೆ ನೇರ ಲೆಕ್ಕವಲ್ಲ. 3 ಡೆಸಿಬಲ್ ಏರಿತು ಅಂದರೆ ಸಪ್ಪಳದ ಶಕ್ತಿ ಎರಡು ಪಟ್ಟು ಆಯಿತು. 10 ಏರಿದರೆ ಶಕ್ತಿ ಹತ್ತು ಪಟ್ಟು. ಆದರೆ ನಮ್ಮ ಕಿವಿಗೆ ಈ ಹತ್ತು ಪಟ್ಟು ಕೇವಲ ಎರಡು ಪಟ್ಟು ಜೋರಾದಂತೆ ಅನ್ನಿಸುತ್ತದೆ. ಅಂದರೆ ಕಿವಿಗೆ ಬೀಳುವ ಪೆಟ್ಟು ನಮಗೆ ತಿಳಿಯುವುದಕ್ಕಿಂತ ಬಹಳ ಹೆಚ್ಚು.

ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ 'ನಿಯೋಶ್' 1998ರಲ್ಲಿ ಕೊಟ್ಟ ಲೆಕ್ಕ ಇದು. ದಿನಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಕೇಳಬಾರದು:

85 ಡೆಸಿಬಲ್ – 8 ತಾಸು
88 ಡೆಸಿಬಲ್ – 4 ತಾಸು
91 ಡೆಸಿಬಲ್ – 2 ತಾಸು
94 ಡೆಸಿಬಲ್ – 1 ತಾಸು
100 ಡೆಸಿಬಲ್ – 15 ನಿಮಿಷ

ಸುಸ್ಥಿತಿಯಲ್ಲಿರುವ ಕಾರಿನೊಳಗೆ ದೊಡ್ಡ ರಸ್ತೆಯಲ್ಲಿ ಸಾಮಾನ್ಯವಾಗಿ 65ರಿಂದ 75 ಡೆಸಿಬಲ್ ಇರುತ್ತದೆ. ಹಳೇ ವ್ಯಾನು, ಡೀಸೆಲ್ ಗಾಡಿಗಳಲ್ಲಿ ಇನ್ನೂ ಹೆಚ್ಚು. ಇಷ್ಟರಿಂದಲೇ ಕಿವಿ ಕೆಡುವುದಿಲ್ಲ, ದಣಿವು ಬರುತ್ತದೆ, ತಲೆ ಹಿಡಿಯುತ್ತದೆ. ಕೆಡುವುದು ಅದರ ಮೇಲೆ ಟೇಪು ಕೂತಾಗ. ಗದ್ದಲದ ನಡುವೆ ಹಾಡಿನ ಮಾತು ಸರಿಯಾಗಿ ತಿಳಿಯಬೇಕಾದರೆ ಟೇಪು ಆ ಗದ್ದಲಕ್ಕಿಂತ ಹತ್ತು ಹದಿನೈದು ಡೆಸಿಬಲ್ ಮೇಲಿರಬೇಕು. ಗಾಡಿಯೇ 78 ಇದ್ದರೆ ಟೇಪು 90ಕ್ಕೆ ಹೋಯಿತು. ಬೆಂಗಳೂರಿಗೆ ಹೋಗಿ ಮುಟ್ಟುವ ಹೊತ್ತಿಗೆ ಕಿವಿಯ ಆ ದಿನದ ಪಾಲು ಎಷ್ಟೋ ಪಟ್ಟು ಮುಗಿದಿರುತ್ತದೆ.

ಕಿವಿಯ ಒಳಗೆ ಸಪ್ಪಳ ಹಿಡಿಯುವ ಸಣ್ಣ ಕೂದಲಿನಂಥ ಕೋಶಗಳಿವೆ. ಜೋರು ಸಪ್ಪಳಕ್ಕೆ ಅವು ಬಾಗಿ, ಸಾಯುತ್ತವೆ. ಮುಂಗಾರು ಹೋದರೆ ಹಿಂಗಾರಿಗೆ ಬಿತ್ತಬಹುದು. ಈ ಕೂದಲು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಸಣ್ಣ, ಚೂಪು ದನಿಗಳು. ಹೆಣ್ಣುಮಕ್ಕಳ, ಸಣ್ಣ ಹುಡುಗರ ಮಾತು ಕೇಳಿಸುತ್ತದೆ ಆದರೆ ತಿಳಿಯುವುದಿಲ್ಲ. 'ಏನಂದಿ?' ಅಂತ ಎರಡೆರಡು ಸಲ ಕೇಳುವ ರೂಢಿ ಬಿದ್ದರೆ ಅದು ವಯಸ್ಸಿನದ್ದು ಮಾತ್ರ ಅಂತ ಬಿಡಬೇಡಿ.

ಆದ್ದರಿಂದ ಗಾಡಿಯ ಸಪ್ಪಳ 5 ಡೆಸಿಬಲ್ ಇಳಿಸಿದರೆ ಟೇಪನ್ನೂ 5 ಇಳಿಸಬಹುದು. ಹಾಡು ಅಷ್ಟೇ ಚೆನ್ನಾಗಿ ಕೇಳುತ್ತದೆ, ಕಿವಿಗೆ ಬೀಳುವ ಭಾರ ಮೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ.

ಸಪ್ಪಳ ಬರುವ ಮೂರು ದಾರಿ

ಮೊದಲನೆಯದು, ತಗಡು ನಡುಗುವುದು. ಹಿತ್ತಾಳೆ ಪರಾತಿಗೆ ಒಂದು ಏಟು ಹಾಕಿ, ಗುಂಯ್ ಅಂತ ಬಹಳ ಹೊತ್ತು ನುಡಿಯುತ್ತದೆ. ಮತ್ತೆ ಹೊಡೆದು ಬೆರಳು ಮುಟ್ಟಿಸಿ, ತಟ್ಟನೆ ನಿಲ್ಲುತ್ತದೆ. ಎತ್ತಿನ ಕೊರಳ ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದರೂ ಹಾಗೆಯೇ. ಗಾಡಿಯ ಬಾಗಿಲು, ಮಾಡು, ನೆಲ ಎಲ್ಲವೂ ತೆಳು ತಗಡು. ಎಂಜಿನ್ನಿನ ನಡುಕ, ರಸ್ತೆಯ ಖಡಿಯ ನಡುಕ ಅದಕ್ಕೆ ಮುಟ್ಟಿದರೆ ಅದು ಹಲಗೆಯ ಹಾಗೆ ಬಾರಿಸುತ್ತದೆ. ಇದಕ್ಕೆ ಬೇಕಾದ್ದು ಆ ಮುಟ್ಟುವ ಬೆರಳು. ಅಂದರೆ ತಗಡಿಗೆ ಅಂಟಿಕೊಂಡು ನಡುಕ ನುಂಗುವ ಹಾಳೆ.

ಎರಡನೆಯದು, ಸಂದಿಯಿಂದ ಮತ್ತು ತೆಳು ಗೋಡೆಯ ಮೂಲಕ ಗಾಳಿಯಲ್ಲಿ ಬರುವುದು. ಮಣ್ಣಿನ ಗೋಡೆಯ ಮಾಳಿಗೆ ಮನೆಯಲ್ಲಿ ಕೂತರೆ ಹೊರಗಿನ ಗದ್ದಲ ಅಷ್ಟಾಗಿ ಕೇಳುವುದಿಲ್ಲ. ಅದೇ ತಗಡಿನ ಶೆಡ್ಡಿನಲ್ಲಿ ಮಳೆ ಬಂದರೆ ಮಾತಾಡಲಿಕ್ಕೂ ಆಗದು. ಗೋಡೆ ಭಾರ ಇದ್ದಷ್ಟೂ ಸಪ್ಪಳ ದಾಟುವುದು ಕಷ್ಟ. ಗೋಡೆಯ ಭಾರ ಎರಡು ಪಟ್ಟು ಮಾಡಿದರೆ ಹೆಚ್ಚೆಂದರೆ 6 ಡೆಸಿಬಲ್ ತಡೆಯುತ್ತದೆ ಅಂತ ಒಂದು ನಿಯಮವೇ ಇದೆ. ಆದರೆ ಎಷ್ಟೇ ಭಾರದ ಗೋಡೆ ಇದ್ದರೂ ಒಂದು ಸಂದಿ ಬಿಟ್ಟರೆ ಮುಗಿಯಿತು. ಒಡ್ಡು ಎಷ್ಟು ಗಟ್ಟಿ ಇದ್ದರೇನು, ಒಂದು ಇಲಿ ಬಿಲ ಸಾಕು ನೀರು ಹೋಗಲಿಕ್ಕೆ.

ಮೂರನೆಯದು, ಒಳಗೆ ಬಂದ ಸಪ್ಪಳ ಗಾಜಿಗೆ, ತಗಡಿಗೆ ಬಡಿದು ತಿರುಗಿ ತಿರುಗಿ ಬರುವುದು. ವಿಜಯಪುರದ ಗೋಲಗುಮ್ಮಟ ನೋಡದವರು ಕಡಿಮೆ. 1656ರಲ್ಲಿ ಮುಗಿದ ಆ ಕಟ್ಟಡದಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಏಳು ಸಲಕ್ಕೂ ಹೆಚ್ಚು ಮರಳಿ ಬರುತ್ತದೆ. ಕಾರಣ ಗಟ್ಟಿ, ನುಣುಪು ಗೋಡೆ. ಅದೇ ಕಣಕಿಯ ಬಣವಿ ಹತ್ತಿರ ನಿಂತು ಕೂಗಿರಿ, ದನಿ ಅಲ್ಲೇ ಸತ್ತುಹೋಗುತ್ತದೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಭಾಷಣದ ಕೋಣೆ ಇತ್ತು. ಒಂದು ಮಾತು ಆಡಿದರೆ ಐದು ಸೆಕೆಂಡಿಗೂ ಮೇಲೆ ಅಲ್ಲೇ ಗುಂಯ್‌ಗುಡುತ್ತಿತ್ತು, ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. ವಾಲೇಸ್ ಸಾಬಿನ್ ಎಂಬ ಮಾಸ್ತರರು ಪಕ್ಕದ ನಾಟಕ ಮಂದಿರದಿಂದ ಸೀಟಿನ ಗಾದಿಗಳನ್ನು ಹೊರಿಸಿಕೊಂಡು ಬಂದು ಒಂದೊಂದಾಗಿ ಇಟ್ಟು, ಎಷ್ಟು ಗಾದಿಗೆ ಎಷ್ಟು ಗುಂಗು ಕಡಿಮೆಯಾಯಿತು ಅಂತ ಅಳೆದರು. ಕಟ್ಟಡದ ಸಪ್ಪಳ ಶಾಸ್ತ್ರ ಶುರುವಾದದ್ದೇ ಆ ಗಾದಿಗಳಿಂದ. ಗಾಡಿಯೊಳಗೂ ಸೀಟಿನ ಬಟ್ಟೆ, ಮಾಡಿನ ಬಟ್ಟೆ, ನೆಲದ ಹಾಸು ಇದೇ ಕೆಲಸ ಮಾಡುತ್ತವೆ.

ಮೂರು ದಾರಿಗೆ ಮೂರು ಬೇರೆ ಮದ್ದು. ಒಂದರ ಮದ್ದು ಇನ್ನೊಂದಕ್ಕೆ ನಡೆಯುವುದಿಲ್ಲ. ಕೌದಿ ಹೊದ್ದು ಮಲಗಿದರೂ ದೂರದ ಡೊಳ್ಳಿನ ಢಂ ಢಂ ಕೇಳುತ್ತದಲ್ಲ? ದಪ್ಪ ದನಿಯ ಅಲೆ ಬಹಳ ಉದ್ದ. ಸೆಕೆಂಡಿಗೆ ನೂರು ಸಲ ನಡುಗುವ ದನಿಯ ಒಂದು ಅಲೆ ಸುಮಾರು 3.4 ಮೀಟರ್. ಒಂದು ಸೆಂಟಿಮೀಟರ್ ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಫೋಮು, ಬಟ್ಟೆ ಹಿಡಿಯುವುದು ಸಣ್ಣ, ಚೂಪು ಸಪ್ಪಳವನ್ನು ಮಾತ್ರ. 'ಬಾಗಿಲಿಗೆ ಫೋಮ್ ತುಂಬಿದೆ, ಏನೂ ಆಗಲಿಲ್ಲ' ಅನ್ನುವವರ ದೂರಿಗೆ ಇದೇ ಉತ್ತರ.

ಮೊದಲು ಕಳ್ಳನನ್ನು ಹುಡುಕಿ

ಎಂಜಿನ್ನಿಂದ 75, ಟಾಯರಿನಿಂದ 65 ಡೆಸಿಬಲ್ ಬರುತ್ತಿದೆ ಅಂತ ಇಟ್ಟುಕೊಳ್ಳಿ. ಎರಡೂ ಸೇರಿದರೆ 140 ಅಲ್ಲ, 75ರ ಮೇಲೆ ಅರ್ಧವೂ ಇಲ್ಲ. ಈಗ ಸಾವಿರಾರು ರೂಪಾಯಿ ಹಾಕಿ ಟಾಯರಿನ ಸಪ್ಪಳ ಪೂರ್ತಿ ಅಳಿಸಿದರೂ 75 ಹಾಗೇ ಉಳಿಯುತ್ತದೆ. ಎಂಜಿನ್ನಿಂದ 70, ಟಾಯರಿನಿಂದ 70 ಇದ್ದರೆ ಸೇರಿ 73. ಒಂದನ್ನು ಪೂರ್ತಿ ಅಳಿಸಿದರೂ ಇಳಿಯುವುದು 3 ಮಾತ್ರ, ಕಿವಿಗೆ ಅಷ್ಟಿಷ್ಟು ತಿಳಿಯುತ್ತದೆ. ಆದ್ದರಿಂದ ಎಲ್ಲಕ್ಕಿಂತ ಜೋರಿನದನ್ನು ಮೊದಲು ಹಿಡಿಯಬೇಕು. ಹುಡುಕುವ ರೀತಿ ಹೀಗೆ:

ನಿಂತ ಗಾಡಿಯಲ್ಲಿ ಎಕ್ಸಲೇಟರ್ ಕೊಟ್ಟು ನೋಡಿ. ಓಡುವಾಗಿನ ಸಪ್ಪಳವೇ ಬಂದರೆ ಕಳ್ಳ ಎಂಜಿನ್ ಅಥವಾ ಸೈಲೆನ್ಸರ್.

ಓಡುತ್ತಿರುವಾಗ ಡಾಂಬರಿನಿಂದ ಸಿಮೆಂಟ್ ರಸ್ತೆಗೆ, ಖಡಿ ಮೇಲೆದ್ದ ರಸ್ತೆಗೆ ಹೋದಾಗ ಸಪ್ಪಳ ಬದಲಾದರೆ ಅದು ಟಾಯರಿನದು. ರಸ್ತೆ ಬದಲಾದರೂ ಬದಲಾಗದೆ, ಎಡಕ್ಕೆ ಅಥವಾ ಬಲಕ್ಕೆ ತಿರುಗಿದಾಗ ಮಾತ್ರ ಗುಂಯ್ ಅನ್ನುವುದು ಹೆಚ್ಚಾದರೆ ಗಾಲಿಯ ಬೇರಿಂಗ್ ಸವೆದಿದೆ. ಅದಕ್ಕೆ ಹಾಳೆ ಅಂಟಿಸಬೇಡಿ, ಮೊದಲು ಮೆಕ್ಯಾನಿಕ್ ಹತ್ತಿರ ಹೋಗಿ. ಬೇರಿಂಗ್ ಕೂಗುವುದು ಅಪಾಯದ ಸೂಚನೆ.

ವೇಗ ಏರಿದಾಗ ಮಾತ್ರ ಕಿಟಕಿ ಹತ್ತಿರ ಸುಯ್ ಅಂದರೆ ಗಾಳಿಯದು. ಬಾಗಿಲ ಸಂದಿಗೆ ಹೊರಗಿನಿಂದ ಪೇಂಟಿನವರು ಬಳಸುವ ಕಾಗದದ ಟೇಪು ಅಂಟಿಸಿ ಓಡಿಸಿ ನೋಡಿ. ಸಪ್ಪಳ ನಿಂತರೆ ಆ ಸಂದಿಯೇ ದಾರಿ.

ನಮ್ಮ ಎರೆ ನಾಡಿನವರಿಗೆ ಇನ್ನೊಂದು ಸುಲಭದ ಪರೀಕ್ಷೆ ಇದೆ. ಬೇಸಿಗೆಯಲ್ಲಿ ಹೊಲದ ದಾರಿಯಲ್ಲಿ ಎರಡು ಕಿಲೋಮೀಟರ್ ಹೋಗಿ ಬಂದು, ಬಾಗಿಲು ತೆರೆದು, ರಬ್ಬರಿನ ಅಂಚು ನೋಡಿ. ಧೂಳು ಎಲ್ಲಿ ಗೆರೆ ಎಳೆದು ಒಳಗೆ ಬಂದಿದೆಯೋ ಸಪ್ಪಳವೂ ಅಲ್ಲಿಂದಲೇ ಬರುತ್ತದೆ. ಧೂಳಿನ ದಾರಿಯೇ ಸಪ್ಪಳದ ದಾರಿ.

ಮೊಬೈಲಿನಲ್ಲಿ ಡೆಸಿಬಲ್ ತೋರಿಸುವ ಆಪ್‌ಗಳು ಸಿಗುತ್ತವೆ. ಅವು ತೋರಿಸುವ ಅಂಕಿ ಪಕ್ಕಾ ಅಲ್ಲ, ಆದರೆ ಹಿಂದೆ-ಮುಂದೆ ಹೋಲಿಸಲು ಸಾಕು. ಅದೇ ಫೋನು, ಅದೇ ಜಾಗ, ಅದೇ ರಸ್ತೆ, ಅದೇ ವೇಗ ಇರಬೇಕು. ನೋಡುವ ಕೆಲಸ ಪಕ್ಕದಲ್ಲಿ ಕೂತವರದು, ಓಡಿಸುವವರದಲ್ಲ.

ಖರ್ಚಿಲ್ಲದ, ಕಡಿಮೆ ಖರ್ಚಿನ ಕೆಲಸ

ಚಕ್ಕಡಿ ಕಿರ್ ಅಂದರೆ ಮೊದಲು ಕೀಲೆಣ್ಣೆ ಹಾಕುತ್ತಿದ್ದೆವು, ಎತ್ತಿನ ಕಿವಿಗೆ ಹತ್ತಿ ತುರುಕುತ್ತಿರಲಿಲ್ಲ. ಇಲ್ಲಿಯೂ ಹಾಗೆಯೇ.

1. ಟಾಯರಿನ ಗಾಳಿ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಎಷ್ಟು ಅಂತ ಬರೆದಿರುತ್ತದೆ. ಮಾಲು ಹೇರುವಾಗ ಹೆಚ್ಚು ಹೊಡೆಸಿ, ಆಮೇಲೆ ಖಾಲಿ ಗಾಡಿಯನ್ನೂ ಅದೇ ಗಾಳಿಯಲ್ಲಿ ಓಡಿಸಿದರೆ ಟಾಯರು ಕಲ್ಲಿನಂತಾಗಿ ಪ್ರತಿ ಖಡಿಯನ್ನೂ ಒಳಗೆ ಹೇಳುತ್ತದೆ. ಟಾಯರಿನ ಮೇಲೆ ಕೈ ಸವರಿ. ಏರಿಳಿತವಾಗಿ ಸವೆದಿದ್ದರೆ ಅದು ಸದಾ ಗುಂಯ್‌ಗುಡುತ್ತದೆ. ಹೊಸ ಟಾಯರ್ ಹಾಕುವ ಕಾಲ ಬಂದಾಗ ದಪ್ಪ ಕಚ್ಚಿನ ಟಾಯರ್ ಹೆಚ್ಚು ಸಪ್ಪಳದ್ದು ಅನ್ನುವುದು ನೆನಪಿರಲಿ.

2. ಬಾಗಿಲ ರಬ್ಬರು. ಬಾಗಿಲ ನಡುವೆ ಹತ್ತು ರೂಪಾಯಿ ನೋಟು ಇಟ್ಟು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರು ಸತ್ತಿದೆ. ಇಡೀ ಬಾಗಿಲ ಸುತ್ತ ಹೀಗೆ ನೋಡಿ. ರಬ್ಬರು ಬದಲಿಸಿ, ಅಥವಾ ಬಾಗಿಲ ಕೊಂಡಿ ಸಡಿಲಾಗಿದ್ದರೆ ಬಿಗಿ ಮಾಡಿಸಿ. ಇಷ್ಟಕ್ಕೇ ಧೂಳೂ ನಿಲ್ಲುತ್ತದೆ.

3. ಸೈಲೆನ್ಸರ್ ಮತ್ತು ಎಂಜಿನ್ ಕೂರುವ ರಬ್ಬರುಗಳು. ಎಂಜಿನ್ ಮೌಂಟಿಂಗ್ ರಬ್ಬರು ಹರಿದರೆ ಎಂಜಿನ್ನಿನ ನಡುಕ ನೇರ ತಗಡಿಗೆ ಹೋಗುತ್ತದೆ. ಸೈಲೆನ್ಸರ್ ತೂತಾಗಿದ್ದರೆ ಬರೀ ಸಪ್ಪಳದ ಮಾತಲ್ಲ. ಅದರ ಹೊಗೆಯಲ್ಲಿ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿ ಇರುತ್ತದೆ. ನೆಲದ ತೂತಿನಿಂದ ಅದು ಒಳಗೆ ಬಂದರೆ ನಿದ್ದೆ ಬಂದಂತಾಗಿ ಜೀವವೇ ಹೋಗಬಹುದು. ಇದನ್ನು ಮುಂದೆ ಹಾಕಬೇಡಿ.

4. ನೆಲದ ತೂತುಗಳು. ನೆಲದ ಹಾಸು ಎತ್ತಿ ನೋಡಿ. ರಬ್ಬರ್ ಬಿಲ್ಲೆ ಬಿದ್ದುಹೋದ ತೂತು, ತುಕ್ಕು ತಿಂದ ಜಾಗ, ವೈರು ದಾಟುವ ಸಂದಿ ಕಾಣುತ್ತವೆ. ರಾತ್ರಿ ಒಬ್ಬರು ಒಳಗೆ ಕೂತು, ಇನ್ನೊಬ್ಬರು ಕೆಳಗಿನಿಂದ ಬ್ಯಾಟರಿ ಬಿಟ್ಟರೆ ಬೆಳಕು ಬರುವ ಕಡೆಯೆಲ್ಲ ಗೊತ್ತಾಗುತ್ತದೆ. ಇದಕ್ಕೆ ಗಾಡಿ ನೆಲದ ಮೇಲೆ ನಾಲ್ಕು ಗಾಲಿಯಲ್ಲೇ ನಿಂತಿರಲಿ, ಜಾಕಿನ ಮೇಲೆ ಎತ್ತಿ ಕೆಳಗೆ ಹೋಗಬೇಡಿ.

5. ಗಡಗಡ ಅನ್ನುವ ಬಿಡಿ ಸಾಮಾನು. ಜಾಕು, ಪಾನಾ, ಡಿಕ್ಕಿಯ ಸ್ಟೆಪ್ನಿ, ನಂಬರ್ ಪ್ಲೇಟು, ಸೀಟಿನ ಬೋಲ್ಟು. ಬಿಗಿ ಮಾಡಿ, ಹಳೇ ಟ್ಯೂಬಿನ ತುಂಡು ನಡುವೆ ಇಡಿ.

ಬಹಳಷ್ಟು ಹಳೇ ಗಾಡಿಗಳ ತಕರಾರು ಇಷ್ಟರಲ್ಲೇ ಅರ್ಧ ಮುಗಿಯುತ್ತದೆ. ಇನ್ನೂ ಬೇಕು ಅನ್ನುವವರು ಮುಂದೆ ಓದಿ.

ಬಾಗಿಲಿಗೆ ಹಾಳೆ ಹಾಕುವ ಕ್ರಮ

ನಡುಕ ನುಂಗುವ ಹಾಳೆಗೆ ಅಂಗಡಿಯಲ್ಲಿ ಡ್ಯಾಂಪಿಂಗ್ ಶೀಟ್ ಅಂತಾರೆ. ಒಂದು ಬದಿ ಅಂಟು ಇರುವ ಬ್ಯುಟೈಲ್ ರಬ್ಬರು, ಮೇಲೆ ಅಲ್ಯೂಮಿನಿಯಂ ಹಾಳೆ. ತಗಡು ನಡುಗಿದಾಗ ನಡುವಿನ ಮೆತ್ತನೆಯ ರಬ್ಬರು ಜಗ್ಗಾಡಿ ನಡುಕವನ್ನು ಸ್ವಲ್ಪ ಶಾಖವಾಗಿ ಮಾಡಿ ಮುಗಿಸಿಬಿಡುತ್ತದೆ. ಕಡಿಮೆ ದರಕ್ಕೆ ಡಾಂಬರಿನ ಹಾಳೆಯೂ ಸಿಗುತ್ತದೆ. ನಮ್ಮ ಬಾಗಲಕೋಟೆ ಬಿಸಿಲಿಗೆ ಅದು ಬೇಡ. ಏಪ್ರಿಲ್-ಮೇ ತಿಂಗಳಲ್ಲಿ ಮುಚ್ಚಿದ ಗಾಡಿಯ ತಗಡು ಕೈ ಇಡಲಾಗದಷ್ಟು ಕಾಯುತ್ತದೆ. ಡಾಂಬರು ಮೆತ್ತಗಾಗಿ ಜಾರುತ್ತದೆ, ವಾಸನೆ ಹೊಡೆಯುತ್ತದೆ.

ಪೂರ್ತಿ ತಗಡನ್ನು ಮುಚ್ಚುವ ಜರೂರಿ ಇಲ್ಲ. ಪರಾತಿಗೆ ಒಂದು ಬೆರಳು ಸಾಕಾದಂತೆ, ತಗಡಿನ ನಡುಭಾಗದಲ್ಲಿ ನಾಲ್ಕರಲ್ಲಿ ಒಂದು ಪಾಲು ಮುಚ್ಚಿದರೆ ಬಹುಪಾಲು ಲಾಭ ಸಿಗುತ್ತದೆ. ಮಿಕ್ಕ ಮುಕ್ಕಾಲಿಗೆ ಹಾಕಿದ ರೊಕ್ಕಕ್ಕೆ ಸಿಗುವುದು ಸ್ವಲ್ಪ. ಎರಡು ಮಿಲಿಮೀಟರ್ ದಪ್ಪದ ಹಾಳೆ ಚದರ ಮೀಟರಿಗೆ ಮೂರು ಕಿಲೋ ಆಸುಪಾಸು ತೂಗುತ್ತದೆ. ಗಾಡಿ ತುಂಬ ಹಾಕಿಸಿದರೆ ಒಂದು ಚೀಲ ಕಾಳು ಸದಾ ಹೊತ್ತು ತಿರುಗಿದಂತೆ.

ಕೆಲಸದ ಕ್ರಮ:

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಬಾಗಿಲ ಹಿಡಿಕೆ, ಕೈ ಇಡುವ ಜಾಗದ ಹಿಂದೆ ಅಡಗಿರುವ ಸ್ಕ್ರೂಗಳನ್ನು ತೆಗೆಯಿರಿ. ಒಳಗಿನ ಪ್ಲಾಸ್ಟಿಕ್ ಹಲಗೆಯನ್ನು ಕ್ಲಿಪ್ಪುಗಳು ಹಿಡಿದಿರುತ್ತವೆ. ಚಪ್ಪಟೆ ಪಟ್ಟಿಗೆ ಬಟ್ಟೆ ಸುತ್ತಿ ಕ್ಲಿಪ್ಪಿನ ಪಕ್ಕದಲ್ಲೇ ಎತ್ತಬೇಕು. ಹಳೇ ಕ್ಲಿಪ್ಪು ಮುರಿಯುವುದು ಖಂಡಿತ, ಹತ್ತು ಹೊಸವನ್ನು ಮೊದಲೇ ತಂದಿಡಿ.

ಒಳಗಿನ ತಗಡನ್ನು ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಸ್ಪಿರಿಟ್ ಹಚ್ಚಿ ಒರೆಸಿ. ಸೀಮೆಎಣ್ಣೆ, ಡೀಸೆಲ್ ಬಳಸಿದರೆ ಜಿಡ್ಡು ಉಳಿದು ಹಾಳೆ ಹಿಡಿಯುವುದಿಲ್ಲ. ತುಕ್ಕು ಇದ್ದರೆ ತಿಕ್ಕಿ, ಬಣ್ಣ ಹೊಡೆದು, ಒಣಗಿದ ಮೇಲೆ ಮುಂದಿನ ಕೆಲಸ.

ಬೆರಳ ಗೆಣ್ಣಿನಿಂದ ತಗಡು ಬಡಿದು ಎಲ್ಲಿ ಹೆಚ್ಚು 'ಡಣ್' ಅನ್ನುತ್ತದೆ ನೋಡಿ. ಹಳೇ ಪೇಪರಿನಲ್ಲಿ ಆ ಅಳತೆ ಕತ್ತರಿಸಿ, ಅದರಂತೆ ಹಾಳೆ ಕತ್ತರಿಸಿ. ಅಲ್ಯೂಮಿನಿಯಂ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಕೈಗೆ ಗವಸು ಇರಲಿ. ಅಂಟಿಸಿ, ಸಣ್ಣ ಲಟ್ಟಣಿಗೆಯಿಂದ ಒತ್ತಿ ಉಜ್ಜಿ. ಒಳಗೆ ಗಾಳಿಯ ಗುಳ್ಳೆ ಉಳಿಯಬಾರದು. ಚಳಿಗಾಲದ ಮುಂಜಾನೆ ಮಾಡುವುದಾದರೆ ಹಾಳೆಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಇಡಿ. ಈಗ ಬಡಿದರೆ 'ಟಪ್' ಅನ್ನಬೇಕು. ಹಾಗೆ ಅಂದರೆ ಅಲ್ಲಿಗೆ ನಿಲ್ಲಿಸಿ.

ಬಾಗಿಲ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಗಾಜಿನ ಸಂದಿಯಿಂದ ಇಳಿದ ಮಳೆ ನೀರು ಹೋಗುವ ದಾರಿ ಅದು. ಅದನ್ನು ಎಂದೂ ಮುಚ್ಚಬೇಡಿ. ಮುಚ್ಚಿದರೆ ಎರಡು ಮಳೆಗಾಲದಲ್ಲಿ ಬಾಗಿಲು ಕೊಳೆಯುತ್ತದೆ. ಗಾಜು ಇಳಿಯುವ ದಾರಿ, ಲಾಕಿನ ಸರಳುಗಳಿಗೂ ಹಾಳೆ ತಾಗಬಾರದು. ಪ್ಲಾಸ್ಟಿಕ್ ಹಲಗೆ ಕೂರಿಸುವ ಮೊದಲು ಗಾಜನ್ನು ನಾಲ್ಕು ಸಲ ಏರಿಸಿ ಇಳಿಸಿ ನೋಡಿ.

ಸ್ಪೀಕರಿನ ದನಿ ಇಲ್ಲೇ ಸುಧಾರಿಸುತ್ತದೆ

ಒಂದು ಸ್ಪೀಕರನ್ನು ಬರಿಗೈಲಿ ಹಿಡಿದು ಹಾಡು ಹಚ್ಚಿ. ಬರೀ ಚಿರಿಚಿರಿ ಅನ್ನುತ್ತದೆ. ಅದನ್ನೇ ಒಂದು ದೊಡ್ಡ ರಟ್ಟಿನ ತೂತಿಗೆ ಸರಿಯಾಗಿ ಒತ್ತಿ ಹಿಡಿಯಿರಿ, ತಬಲಾದ ಢಂ ಅನ್ನುವುದು ಎಲ್ಲಿಂದಲೋ ಬರುತ್ತದೆ. ಕಾರಣ ಇಷ್ಟೇ. ಸ್ಪೀಕರಿನ ಕಾಗದ ಮುಂದೆ ಬಂದಾಗ ಮುಂದಿನ ಗಾಳಿಯನ್ನು ಒತ್ತುತ್ತದೆ, ಹಿಂದಿನ ಗಾಳಿಯನ್ನು ಎಳೆಯುತ್ತದೆ. ನಡುವೆ ಅಡ್ಡ ಇಲ್ಲದಿದ್ದರೆ ಎರಡೂ ಸುತ್ತಿ ಬಂದು ಒಂದನ್ನೊಂದು ನುಂಗುತ್ತವೆ. ದಪ್ಪ ದನಿಯೇ ಮೊದಲು ಸಾಯುತ್ತದೆ.

ಗಾಡಿಯ ಬಾಗಿಲ ಒಳ ತಗಡಿನಲ್ಲಿ ಕೈ ಹೋಗುವಷ್ಟು ದೊಡ್ಡ ತೂತುಗಳಿರುತ್ತವೆ. ಕಂಪನಿಯವರು ಅದಕ್ಕೆ ಬರೀ ಪ್ಲಾಸ್ಟಿಕ್ ಕಾಗದ ಅಂಟಿಸಿರುತ್ತಾರೆ. ಹಳೇ ಗಾಡಿಯಲ್ಲಿ ಅದೂ ಹರಿದಿರುತ್ತದೆ. ಆ ತೂತುಗಳನ್ನು ಇದೇ ಹಾಳೆಯಿಂದ ಮುಚ್ಚಿ. ತೀರಾ ದೊಡ್ಡ ತೂತಿಗೆ ತೆಳು ಅಲ್ಯೂಮಿನಿಯಂ ತಗಡು ಕೊಟ್ಟು, ಸ್ಕ್ರೂ ಹಾಕಿ, ಮೇಲೆ ಹಾಳೆ ಅಂಟಿಸಿದರೆ ಮುಂದೆ ರಿಪೇರಿಗೆ ಬಿಚ್ಚಲು ಸುಲಭ. ಸ್ಪೀಕರಿನ ಸುತ್ತ ಮೆತ್ತನೆಯ ಫೋಮ್ ಪಟ್ಟಿ ಕೊಟ್ಟು ಸ್ಕ್ರೂ ಬಿಗಿ ಮಾಡಿ. ಈಗ ಬಾಗಿಲೇ ಒಂದು ಸ್ಪೀಕರ್ ಡಬ್ಬಿಯಂತಾಗುತ್ತದೆ. ಹೊಸ ಸ್ಪೀಕರ್, ಆಂಪ್ಲಿಫೈಯರ್ ಕೊಳ್ಳುವ ಮೊದಲು ಇಷ್ಟು ಮಾಡಿ ನೋಡಿ. ಹಳೇ ಸ್ಪೀಕರೇ ಬೇರೆ ದನಿ ಕೊಡುತ್ತದೆ. ಬರೀ ಮುಂದಿನ ಎರಡು ಬಾಗಿಲಿಗೆ ಮಾಡಿದರೆ ಸಾಕು.

ಸೀಟಿನ ಕೆಳಗೆ ಎಂಜಿನ್ ಇರುವ ಗಾಡಿಗಳು

1984ರಿಂದ 2019ರವರೆಗೆ ಬಂದ ಓಮ್ನಿ ವ್ಯಾನಿನಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. 2005ರಲ್ಲಿ ಬಂದ ಟಾಟಾ ಏಸಿನಲ್ಲೂ ಹಾಗೆಯೇ. ಶಾಖ, ಸಪ್ಪಳ ಎರಡೂ ಸೀದಾ ಮೇಲೆ ಬರುತ್ತವೆ. ಇಲ್ಲಿ ಬಾಗಿಲಿಗೆ ಹಾಳೆ ಹಾಕಿ ಪ್ರಯೋಜನ ಕಡಿಮೆ. ಸೀಟು ಎತ್ತಿದಾಗ ಕಾಣುವ ಮುಚ್ಚಳದ ಸುತ್ತಲಿನ ರಬ್ಬರು ನೋಡಿ. ಶಾಖಕ್ಕೆ ಅದು ಸುಟ್ಟು ಚಪ್ಪಟೆಯಾಗಿರುತ್ತದೆ. ಅದನ್ನು ಬದಲಿಸಿ, ಮುಚ್ಚಳದ ಕೊಂಡಿ ಬಿಗಿ ಮಾಡಿದರೆ ದೊಡ್ಡ ವ್ಯತ್ಯಾಸ ತಿಳಿಯುತ್ತದೆ. ಆಮೇಲೆ ಸೀಟಿನ ಕೆಳಗಿನ ತಗಡಿಗೆ ಒಳಬದಿಯಿಂದ ಹಾಳೆ, ನೆಲಕ್ಕೆ ದಪ್ಪ, ಭಾರದ ರಬ್ಬರ್ ಮ್ಯಾಟು. ಇಲ್ಲಿ ತೂಕವೇ ಕೆಲಸ ಮಾಡುವುದು. ಹಗುರ ಫೋಮಿನ ಮ್ಯಾಟು ಕಾಲಿಗೆ ಮೆತ್ತಗೆ ಅಷ್ಟೇ.

ಎಂಜಿನ್ ಕಡೆಯ ಬದಿಗೆ ಕೈ ಹಾಕುವುದಾದರೆ ಬೆಂಕಿ ಹತ್ತದ ಸಾಮಾನು ಮಾತ್ರ, ಅದೂ ತಿಳಿದವರಿಂದ. ಸೈಲೆನ್ಸರ್ ಪೈಪಿನ ಹತ್ತಿರ ಏನೂ ಬೇಡ.

ಮಾಡಬಾರದ್ದು

ಗೋಣಿ ತಟ್ಟು, ಹಳೇ ಕೌದಿ, ಥರ್ಮಾಕೋಲು, ಹತ್ತಿ ತುಂಬಬೇಡಿ. ಗೋಣಿ, ಹತ್ತಿ ನೀರು ಹಿಡಿದು ತಗಡಿಗೆ ತುಕ್ಕು ತರುತ್ತವೆ. ಇಲಿ ಗೂಡು ಕಟ್ಟಿ ವೈರು ಕಡಿಯುತ್ತದೆ. ಬೆಂಕಿ ತಾಗಿದರೆ ಕ್ಷಣದಲ್ಲಿ ಹಬ್ಬುತ್ತವೆ.

ಗ್ಯಾಸ್ ಕಿಟ್ ಇರುವ ಗಾಡಿಯಲ್ಲಿ ಸಿಲಿಂಡರಿನ ಹತ್ತಿರದಿಂದ ಹೊರಗೆ ಹೋಗುವ ಗಾಳಿ ಕೊಳವೆ ಮುಚ್ಚಬಾರದು. ಸೋರಿದ ಗ್ಯಾಸು ಒಳಗೇ ನಿಲ್ಲುತ್ತದೆ.

ಗಾಳಿಚೀಲ ಇರುವ ಗಾಡಿಯಲ್ಲಿ ಆ ಗುರುತು ಇರುವ ಕಂಬ, ಸೀಟಿನ ಬದಿ ಬಿಚ್ಚಬೇಡಿ.

ಹೊರಗಿನದು ಏನೂ ಕೇಳದಷ್ಟು ಮುಚ್ಚುವ ಆಸೆಯೂ ಬೇಡ. ಹಿಂದಿನವರ ಹಾರ್ನು, ರೈಲು ಗೇಟಿನ ಸಪ್ಪಳ, ಎಂಜಿನ್ನಿನ ಹೊಸ ಟಕಟಕ ಕೇಳಬೇಕು. ವಿದ್ಯುತ್ತಿನ ಕಾರುಗಳು ಸಪ್ಪಳವೇ ಇಲ್ಲದೆ ಬಂದು ನಡೆಯುವವರಿಗೆ ತಿಳಿಯುವುದಿಲ್ಲ ಅಂತ ಯುರೋಪಿನವರು 2019ರಿಂದ ಹೊಸ ಮಾದರಿಗಳು ನಿಧಾನ ಹೋಗುವಾಗ ಬೇಕೆಂದೇ ಸಪ್ಪಳ ಮಾಡಬೇಕು ಅಂತ ಕಾಯ್ದೆ ಮಾಡಿದ್ದಾರೆ. ಸಪ್ಪಳಕ್ಕೂ ಒಂದು ಉಪಯೋಗ ಇದೆ.

ಟ್ರ್ಯಾಕ್ಟರಿನವರಿಗೆ ಎರಡು ಮಾತು

ಕಾರಿಗಿಂತ ಟ್ರ್ಯಾಕ್ಟರಿನ ಮಾತು ದೊಡ್ಡದು. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್ ಭಾರದ ಕೆಲಸ ಮಾಡುವಾಗ ಓಡಿಸುವವನ ಕಿವಿಯ ಹತ್ತಿರ 90 ಡೆಸಿಬಲ್ ದಾಟುವುದು ಸಾಮಾನ್ಯ. ಮೇಲಿನ ಲೆಕ್ಕ ನೋಡಿದರೆ ಎರಡು-ಮೂರು ತಾಸಿಗೆ ದಿನದ ಪಾಲು ಮುಗಿಯಿತು. ರಂಟೆ, ರೋಟವೇಟರ್ ಹೊಡೆಯುವವರು ಹತ್ತು ತಾಸು ಕೂರುತ್ತಾರೆ. ಕಬ್ಬಿನ ಸೀಜನ್ನಿನಲ್ಲಿ ಅದರ ಮೇಲೆ ದೊಡ್ಡ ಸ್ಪೀಕರ್ ಡಬ್ಬಿ ಬೇರೆ. ಹಿಂದೆ ಬರುವವನ ಹಾರ್ನು ಕೇಳುವುದಿಲ್ಲ, ಟ್ರೇಲರಿನ ಕೊಂಡಿ ಕಳಚಿದ್ದು ಕೇಳುವುದಿಲ್ಲ.

ಟ್ರ್ಯಾಕ್ಟರಿಗೆ ಹಾಳೆ ಅಂಟಿಸಿ ಪ್ರಯೋಜನವಿಲ್ಲ, ಗೋಡೆಯೇ ಇಲ್ಲವಲ್ಲ. ಮಾಡಬೇಕಾದ್ದು ಇಷ್ಟು: ಸೈಲೆನ್ಸರ್ ತೂತಾಗಿದ್ದರೆ ಬದಲಿಸುವುದು, ತೆಗೆದು ಬರೀ ಪೈಪು ಹಾಕದಿರುವುದು. ಬಾನೆಟ್ಟು, ಮಡಗಾರ್ಡಿನ ಬೋಲ್ಟು ಬಿಗಿ ಮಾಡುವುದು. ನೆರಳಿಗೆ ತಗಡಿನ ಮಾಡು ಹಾಕಿದ್ದರೆ ಅದು ಎಂಜಿನ್ನಿನ ಸಪ್ಪಳವನ್ನು ತಿರುಗಿಸಿ ತಲೆಯ ಮೇಲೆ ಸುರಿಯುತ್ತದೆ. ಅದಕ್ಕೆ ತಾಡಪಾಲಿನ ಮಾಡು ವಾಸಿ. ಎಲ್ಲಕ್ಕಿಂತ ಮುಖ್ಯ, ಕಿವಿಗೆ ಫೋಮಿನ ಬಿರಡೆ ಅಥವಾ ಕಿವಿ ಮುಚ್ಚುವ ಇಯರ್ ಮಫ್. ಹತ್ತಿ ಉಂಡೆಯಿಂದ ಆಗುವ ತಡೆ ಬಹಳ ಕಡಿಮೆ. ಬಿರಡೆಯನ್ನು ಹಿಸುಕಿ, ಕಿವಿಯನ್ನು ಮೇಲಕ್ಕೆಳೆದು ಒಳಗೆ ಹಾಕಿ, ಉಬ್ಬುವವರೆಗೆ ಹಿಡಿಯಬೇಕು. ಹೊಲದಲ್ಲಿ ಹಾಕಿಕೊಳ್ಳಿ, ರಸ್ತೆಗೆ ಬಂದಾಗ ತೆಗೆಯಿರಿ. ಸಣ್ಣ ಹುಡುಗರನ್ನು ಮಡಗಾರ್ಡ್ ಮೇಲೆ ಕೂರಿಸಬೇಡಿ. ಬಿದ್ದರೆ ಜೀವ, ಕೂತರೆ ಕಿವಿ.

ಊರೊಳಗಿನ ಮಾತೂ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಂತೆ ಮನೆಗಳಿರುವ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಮುಂಜಾನೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಎದುರು ಮನೆಯಲ್ಲಿ ಬಾಣಂತಿ, ಹತ್ತನೇ ಇಯತ್ತೆಯ ಹುಡುಗರು ಇರುತ್ತಾರೆ ಅನ್ನುವುದಕ್ಕೆ ಕಾಯ್ದೆ ಬೇಕಿಲ್ಲ.

ರೊಕ್ಕ ಹಾಕುವ ಕ್ರಮ

ಮೊದಲು ಟಾಯರಿನ ಗಾಳಿ, ಬಿಡಿ ಸಾಮಾನು, ಬೋಲ್ಟು. ಆಮೇಲೆ ಬಾಗಿಲ ರಬ್ಬರು, ಸೈಲೆನ್ಸರ್, ಮೌಂಟಿಂಗ್. ಮೂರನೆಯದಾಗಿ ನೆಲದ ತೂತು, ಎಂಜಿನ್ ಮುಚ್ಚಳ, ಭಾರದ ಮ್ಯಾಟು. ನಾಲ್ಕನೆಯದಾಗಿ ಮುಂದಿನ ಎರಡು ಬಾಗಿಲಿಗೆ ಹಾಳೆ. ಪ್ರತಿ ಹಂತ ಮುಗಿದ ಮೇಲೆ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಒಂದು ಸಲ ಓಡಿಸಿ, ಹಿಂದಿನ ಸೀಟಿನವರ ಜೊತೆ ಸಾದಾ ದನಿಯಲ್ಲಿ ಮಾತಾಡಿ ನೋಡಿ. ಮಾತು ತಿಳಿಯಿತು ಅಂದರೆ ಅಲ್ಲಿಗೇ ನಿಲ್ಲಿಸಿ. ಉಳಿದ ರೊಕ್ಕಕ್ಕೆ ಬೀಜ, ಗೊಬ್ಬರದ ಖರ್ಚು ಕಾದಿರುತ್ತದೆ.